ಲೆವುಕಾದ ಯಂತ್ರಕ್ಕಾಗಿ ನಿಂತ ಕ್ಯಾರವಾನ್

ಮರ್ವಿನ್ ಟ್ರ್ಯಾಂಟರನ ಅಂಗಳದಲ್ಲಿ ಕೆನೆಬಣ್ಣದ ಒಂದು ಕ್ಯಾರವಾನ್ ನಿಂತಿತ್ತು. ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಚಕ್ರದ ಮನೆ. ನಿವೃತ್ತನಾದ ವರ್ಷವೇ ಅವನೂ ಅವನ ಹೆಂಡತಿ ಗ್ಲೆನಿಸರೂ ಕೂಡಿ ಅದನ್ನು ಕೊಂಡು ತಂದಿದ್ದರು. ತಂದು ನಿಲ್ಲಿಸಿದ ಜಾಗದಿಂದ ಅದು ಒಂದು ಮೊಳವೂ ಕದಲಿರಲಿಲ್ಲ. ಬೇಲಿಯ ಈಚೆಯ ಮನೆ ನನ್ನದಾದ್ದರಿಂದ ಈ ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಗ್ಲೆನಿಸ್ ಮಾತ್ರ ವಾರಕ್ಕೊಮ್ಮೆ ಅದರ ಕಿಟಕಿಗಳನ್ನು ಒರೆಸುತ್ತಿದ್ದರು. ಪರದೆಗಳನ್ನು ಒಗೆದು, ಕಡಲಗಾಳಿಗೆ ಒಣಗಿಸಿ, ಮತ್ತೆ ಕಟ್ಟುತ್ತಿದ್ದರು. ಆಸ್ಟ್ರೇಲಿಯಾದ ದಕ್ಷಿಣದ ದ್ವೀಪದಲ್ಲಿರುವ ಪೆಂಗ್ವಿನ್ ಎಂಬ ನಮ್ಮ ಊರಿನ ಜನ ಅದಕ್ಕೆ ‘ಟ್ರ್ಯಾಂಟರರ ಅತಿಥಿಗೃಹ’ ಎಂದು ಹೆಸರಿಟ್ಟಿದ್ದರು. ಆ ಮನೆಗೆ ಅತಿಥಿಗಳಾಗಿ ಹೋಗುತ್ತಿದ್ದುದು ಜೇಡಗಳು ಮಾತ್ರ.

ಮರ್ವಿನ್ ಮತ್ತು ನಾನು ಒಂದೇ ಶಾಲೆಯಲ್ಲಿ ಪಾಠ ಹೇಳಿದವರು. ಅವನದು ಗಣಿತ. ಮಕ್ಕಳು ತಪ್ಪು ಲೆಕ್ಕ ಮಾಡಿದರೆ ನಾವೆಲ್ಲ ಕೆಂಪು ಗೆರೆ ಎಳೆದು ಮುಂದೆ ಹೋಗುತ್ತಿದ್ದೆವು. ಅವನು ಹಾಗಲ್ಲ. ತಪ್ಪು ಮಾಡಿದ ಮಗುವಿನ ತಲೆಯಲ್ಲಿ ಏನು ನಡೆಯಿತೆಂಬುದನ್ನು ಕಂಡುಕೊಳ್ಳುವವರೆಗೆ ಪಕ್ಕದಲ್ಲೇ ಕುಳಿತಿರುತ್ತಿದ್ದ. ಒಮ್ಮೆ ಇಡೀ ತರಗತಿ ಮನೆಗೆ ಹೋದ ಮೇಲೂ ಅವನೂ ಒಬ್ಬ ಹುಡುಗಿಯೂ ಒಂದು ಭಿನ್ನರಾಶಿಯನ್ನು ಹಿಡಿದುಕೊಂಡು ಕುಳಿತದ್ದನ್ನು ನಾನು ಕಂಡಿದ್ದೇನೆ. ಆ ಹುಡುಗಿ ಬೇಸತ್ತು, ಸರಿಯುತ್ತರ ಹೇಳಿಬಿಡುತ್ತೇನೆ, ನನ್ನನ್ನು ಬಿಡಿ ಎಂದಿದ್ದಳು. ಉತ್ತರ ಬೇಡ, ತಪ್ಪು ಹೇಗೆ ಬಂತು ಹೇಳು ಎಂದಿದ್ದ ಇವನು. ಒಳ್ಳೆಯ ಮೇಷ್ಟ್ರು. ಆದರೆ ಆ ಗುಣವೇ ಮುಂದೆ ಅವನನ್ನು ಕಟ್ಟಿಹಾಕಿತು.

ನಿವೃತ್ತಿಗೆ ಮುಂಚೆಯೇ ಅವನಿಗೆ ಇನ್ನೊಂದು ಕೆಲಸ ಅಂಟಿಕೊಂಡಿತ್ತು. ಅದಕ್ಕೆ ಸಂಬಳವಿಲ್ಲ, ಗಂಟೆ ಬಾರಿಸುವವರಿಲ್ಲ, ರಜೆಯೂ ಇಲ್ಲ. ಟೀಟ್ರೀ ಎಂಬುದು ಕಂಪ್ಯೂಟರುಗಳನ್ನು ನಡೆಸುವ ಒಂದು ವ್ಯವಸ್ಥೆ. ಲೋಕದ ನಾನಾ ಮೂಲೆಗಳ ಜನ ಬಿಡುವಿನ ವೇಳೆಯಲ್ಲಿ ಕೂಡಿ ಕಟ್ಟಿ, ಬೇಕಾದವರಿಗೆ ಸುಮ್ಮನೆ ಕೊಡುವಂಥದು. ಅದರಲ್ಲಿ ತಂತ್ರಾಂಶಗಳು ಸಿದ್ಧವಾಗಿ ಸಿಗುವುದಿಲ್ಲ. ಪ್ರತಿಯೊಂದಕ್ಕೂ ಶೆಲ್ ಎಂಬ ಆಜ್ಞಾಭಾಷೆಯಲ್ಲಿ ಬರೆದ ಒಂದು ಪುಟ್ಟ ಸ್ಕ್ರಿಪ್ಟ್, ಅಂದರೆ ಆಜ್ಞೆಗಳ ಪಟ್ಟಿ, ಇರುತ್ತದೆ. ಮೂಲವನ್ನು ಎಲ್ಲಿಂದ ತರಬೇಕು, ಹೇಗೆ ಕಟ್ಟಬೇಕು, ಕಟ್ಟಿದ್ದನ್ನು ಎಲ್ಲಿಡಬೇಕು ಎಂಬುದೆಲ್ಲ ಅದರಲ್ಲಿರುತ್ತದೆ, ಅಡುಗೆಯ ವಿಧಾನವನ್ನು ಬರೆದಿಟ್ಟ ಹಾಗೆ. ಯಂತ್ರ ಅದನ್ನು ಓದಿಕೊಂಡು ತನ್ನ ಅಡುಗೆಯನ್ನು ತಾನೇ ಮಾಡಿಕೊಳ್ಳಬೇಕು.

ಈ ಸ್ಕ್ರಿಪ್ಟುಗಳನ್ನು ಬರೆಯುವ ನಿಯಮಗಳು ಕಾಲಕಾಲಕ್ಕೆ ಬದಲಾದವು. ಆದ್ದರಿಂದ ಪ್ರತಿ ಸ್ಕ್ರಿಪ್ಟೂ ತಾನು ಎಷ್ಟನೆಯ ಆವೃತ್ತಿಯ ನಿಯಮಗಳಿಗೆ ಸೇರಿದ್ದು ಎಂಬ ಒಂದು ಸಂಖ್ಯೆಯನ್ನು ಹೇಳಬೇಕು. ತೊಡಕು ಇರುವುದು ಇಲ್ಲೇ. ಆ ಸಂಖ್ಯೆ ಸ್ಕ್ರಿಪ್ಟಿನ ಒಳಗೇ ಇರುತ್ತದೆ. ಹಳಬರಲ್ಲಿ ಕೆಲವರು ಅದನ್ನು ನೇರವಾಗಿ ಬರೆಯದೆ ಬೇರೊಂದು ಕಡತದಿಂದ ಎರವಲು ತಂದಿದ್ದರು. ಕೆಲವರು ‘ಹೀಗಿದ್ದರೆ ನಾಲ್ಕು, ಹಾಗಿದ್ದರೆ ಐದು’ ಎಂದು ಷರತ್ತಿನೊಳಗೆ ಹುದುಗಿಸಿದ್ದರು. ಸಂಖ್ಯೆ ತಿಳಿಯಬೇಕಾದರೆ ಸ್ಕ್ರಿಪ್ಟನ್ನು ನಡೆಸಿ ನೋಡಬೇಕು. ಸರಿಯಾಗಿ ನಡೆಸಬೇಕಾದರೆ ಸಂಖ್ಯೆ ಮೊದಲೇ ತಿಳಿದಿರಬೇಕು. ಬೀಗದ ಕೈಯನ್ನು ಪೆಟ್ಟಿಗೆಯ ಒಳಗಿಟ್ಟು ಪೆಟ್ಟಿಗೆಗೆ ಬೀಗ ಹಾಕಿದಂತೆ.

ಕೊನೆಗೆ ಗುಂಪಿನವರು ಒಂದು ತೀರ್ಮಾನಕ್ಕೆ ಬಂದರು. ಟಿಪ್ಪಣಿಗಳನ್ನೂ ಖಾಲಿ ಸಾಲುಗಳನ್ನೂ ಬಿಟ್ಟರೆ ಮೊದಲು ಸಿಗುವ ಸಾಲಿನಲ್ಲೇ ಸಂಖ್ಯೆ ಇರಬೇಕು, ಬರಿಯ ಸಂಖ್ಯೆ. ಯಂತ್ರ ಏನನ್ನೂ ನಡೆಸದೆ ಆ ಸಾಲನ್ನು ಸುಮ್ಮನೆ ಓದಿದರೆ ಸಾಕು. ಆದರೆ ಹಳೆಯ ಸ್ಕ್ರಿಪ್ಟುಗಳನ್ನು ನಂಬಿಕೊಂಡವರ ಕೈಬಿಡುವಂತಿರಲಿಲ್ಲ. ಅವರಿಗಾಗಿ ಇನ್ನೊಂದು ದಾರಿಯನ್ನು ಉಳಿಸಿಕೊಂಡರು. ಮೊದಲು ಅತಿ ಹಳೆಯ ನಿಯಮದಂತೆ ನಡೆಸುವುದು, ಸ್ಕ್ರಿಪ್ಟು ಯಾವ ಸಂಖ್ಯೆ ಹೇಳಿತೋ ಕೇಳಿಕೊಳ್ಳುವುದು, ಆ ಸಂಖ್ಯೆಯ ನಿಯಮದಂತೆ ಮತ್ತೊಮ್ಮೆ ನಡೆಸುವುದು, ಉತ್ತರ ಬದಲಾಗದಿದ್ದರೆ ನಂಬುವುದು. ಗುಂಪಿನಲ್ಲಿ ಇದನ್ನು ‘ಊಹೆಯ ದಾರಿ’ ಎನ್ನುತ್ತಿದ್ದರು. ಅದನ್ನು ಬರೆದವನು ಮರ್ವಿನ್. ಯಾರು ಯಾರು ಎಂತೆಂಥ ವಕ್ರ ರೀತಿಯಲ್ಲಿ ಸಂಖ್ಯೆಯನ್ನು ಬರೆದಿದ್ದರೋ ಅವರವರ ತಲೆಯೊಳಗೆ ಹೊಕ್ಕು ಬರೆದಿದ್ದ. ಹಾಗಾಗಿ ಅದು ಅವನಿಗಲ್ಲದೆ ಬೇರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಶೆಲ್‌ನ ಹೊಸ ಬಿಡುಗಡೆ ಬಂದಾಗಲೆಲ್ಲ ಅದು ಎಲ್ಲೋ ಒಂದು ಕಡೆ ಮುರಿಯುತ್ತಿತ್ತು. ಮರ್ವಿನ್ ಹಿಂದಿನ ಕೋಣೆಯಲ್ಲಿ ಕುಳಿತು ಸರಿಪಡಿಸುತ್ತಿದ್ದ.

ಗುಂಪಿನಲ್ಲಿ ಎರಡು ಪದ್ಧತಿಗಳಿದ್ದವು. ಮೊದಲನೆಯದು, ಒಬ್ಬನೇ ಒಬ್ಬ ಬಳಕೆದಾರ ಉಳಿದಿದ್ದರೂ ಹಳೆಯ ದಾರಿಯನ್ನು ಮುಚ್ಚಬಾರದು. ಮುಚ್ಚುವ ಮುನ್ನ ಪ್ರಕಟಣೆ ಹಾಕಿ ಒಂದು ವರ್ಷ ಕಾಯಬೇಕು. ಎರಡನೆಯದು, ಯಾರಾದರೂ ಊರು ಬಿಟ್ಟು ಹೊರಟರೆ ಎಲ್ಲರೂ ನೋಡುವ ಜಾಗದಲ್ಲಿ ‘ನಾನಿಲ್ಲ, ನನ್ನ ಕೆಲಸವನ್ನು ಇಂಥವರು ನೋಡಿಕೊಳ್ಳುತ್ತಾರೆ’ ಎಂದು ಒಂದು ಸಾಲು ಬರೆದು ಹೋಗಬೇಕು. ಎಲ್ಲರೂ ಬರೆಯುತ್ತಿದ್ದರು. ಮದುವೆಗೆ ಹೊರಟವರು, ಹೆರಿಗೆಗೆ ಹೊರಟವರು, ಬೆಟ್ಟ ಹತ್ತಲು ಹೊರಟವರು. ಮರ್ವಿನ್ ಮಾತ್ರ ಆ ಸಾಲನ್ನು ಒಮ್ಮೆಯೂ ಬರೆದಿರಲಿಲ್ಲ. ಇಂಥವರು ಎನ್ನುವ ಜಾಗದಲ್ಲಿ ಬರೆಯಲು ಅವನಿಗೆ ಒಂದು ಹೆಸರಿರಲಿಲ್ಲ.

ಊಹೆಯ ದಾರಿಯನ್ನು ಬಳಸುವವರು ವರ್ಷ ವರ್ಷ ಕಡಿಮೆಯಾಗುತ್ತ ಬಂದು, ಕೊನೆಗೆ ಒಬ್ಬ ಉಳಿದ. ಫಿಜಿಯ ಲೆವುಕಾ ಎಂಬ ಊರಿನ ಶಾಲೆಯೊಂದರ ಗುಮಾಸ್ತ, ವಿಲಿಯಾಮೆ ತುಕಾನ. ಪ್ರತಿ ತಿಂಗಳೂ ತಪ್ಪದೆ ಅವನ ವರದಿ ಬರುತ್ತಿತ್ತು. ಎಲ್ಲವನ್ನೂ ಕಟ್ಟಿ ಮುಗಿಸಿತು ಸರ್ ಎಂದೋ, ಇಂಥದೊಂದು ಮುರಿಯಿತು ಸರ್ ಎಂದೋ ಎರಡು ಸಾಲು. ಆ ಎರಡು ಸಾಲಿನಿಂದ ಮರ್ವಿನ್ ಒಂದು ಇಡೀ ಶಾಲೆಯನ್ನು ಕಲ್ಪಿಸಿಕೊಂಡಿದ್ದ. ಮಕ್ಕಳ ಹಾಜರಿ, ಅಂಕಗಳು, ಪರೀಕ್ಷೆಯ ಪ್ರಶ್ನೆಪತ್ರಿಕೆಗಳು ಎಲ್ಲವೂ ಆ ಒಂದು ಹಳೆಯ ಯಂತ್ರದ ಮೇಲೆ ನಿಂತಿವೆ. ಯಂತ್ರ ಊಹೆಯ ದಾರಿಯ ಮೇಲೆ ನಿಂತಿದೆ. ವರ್ಷಕ್ಕೊಮ್ಮೆ ಗುಂಪಿನವರು ಈ ದಾರಿಯನ್ನು ಮುಚ್ಚಬಹುದೇ ಎಂದು ಪ್ರಕಟಣೆ ಹಾಕುತ್ತಿದ್ದರು. ಮರ್ವಿನ್, ಲೆವುಕಾ ಇನ್ನೂ ಇದೆ ಎಂದು ಉತ್ತರ ಬರೆಯುತ್ತಿದ್ದ. ನೀನು ಯಾವಾಗ ಹೊಸದಕ್ಕೆ ಬರುತ್ತೀಯ ಎಂದು ಆ ಗುಮಾಸ್ತನನ್ನೇ ಕೇಳಬಾರದೇ ಎಂದು ನಾನೊಮ್ಮೆ ಅಂದೆ. ಮನೆಗೆ ಬಂದವರನ್ನು ಯಾವಾಗ ಹೊರಡುತ್ತೀರಿ ಎಂದು ಕೇಳುವವರುಂಟೇ ಎಂದು ಅವನು ನನ್ನ ಬಾಯಿ ಮುಚ್ಚಿಸಿದ.

ಇಷ್ಟೇ ಆಗಿದ್ದರೆ ಅದೊಂದು ಹವ್ಯಾಸ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಗ್ಲೆನಿಸರ ಕಣ್ಣು ಹೋಗುತ್ತಿತ್ತು. ನೋಟದ ನಡುಭಾಗ ಸವೆದು ಅಂಚು ಮಾತ್ರ ಉಳಿಯುವ ಕಾಯಿಲೆ ಅದು. ನೇರವಾಗಿ ನೋಡಿದ್ದು ಮಸುಕಾಗುತ್ತದೆ, ಪಕ್ಕದಲ್ಲಿದ್ದದ್ದು ಕಾಣುತ್ತದೆ. ಆಕೆಯ ತಾಯಿ ಪಶ್ಚಿಮ ಆಸ್ಟ್ರೇಲಿಯಾದ ಮಲ್ಲೆವಾ ಕಡೆಯವರು. ಅಲ್ಲಿ ಮಳೆಗಾಲ ಕಳೆದು ವಸಂತ ಕಾಲಿಟ್ಟಾಗ ಕೆಂಪು ಜಲ್ಲಿಯ ರಸ್ತೆಯಂಚಿನಲ್ಲಿ ಬಳೆಯಂತೆ ದುಂಡಗೆ ಅರಳುವ ಒಂದು ಹೂವಿದೆಯೆಂದು, ಯಾರೋ ಮಾಲೆ ಕಟ್ಟಿ ನೆಲದ ಮೇಲಿಟ್ಟು ಮರೆತು ಹೋದಂತೆ ಕಾಣುತ್ತದೆಂದು ತಾಯಿ ಹೇಳಿದ್ದನ್ನು ಗ್ಲೆನಿಸ್ ಚಿಕ್ಕಂದಿನಿಂದ ಕೇಳಿದ್ದರು. ಕ್ಯಾರವಾನ್ ಕೊಂಡದ್ದೇ ಅದಕ್ಕಾಗಿ. ಪ್ರತಿ ವಸಂತದಲ್ಲೂ ಲೆವುಕಾದಲ್ಲಿ ಏನಾದರೊಂದು ಮುರಿಯುತ್ತಿತ್ತು. ಆ ವರ್ಷ ಲಾನ್ಸೆಸ್ಟನ್ನಿನ ಕಣ್ಣಿನ ವೈದ್ಯರು, ನೋಡಬೇಕಾದದ್ದೇನಾದರೂ ಇದ್ದರೆ ಈ ವಸಂತದಲ್ಲಿ ನೋಡಿಬಿಡಿ, ಮುಂದಿನದರ ಮಾತು ನಾನು ಕೊಡಲಾರೆ ಎಂದರು. ಗ್ಲೆನಿಸ್ ಮನೆಗೆ ಬಂದವರೇ, ಗಂಡನನ್ನು ಕೇಳದೆ, ಡೆವನ್‌ಪೋರ್ಟಿನಿಂದ ಮುಖ್ಯ ಭೂಭಾಗಕ್ಕೆ ಹೊರಡುವ ಹಡಗಿನಲ್ಲಿ ಕಾರಿಗೂ ಕ್ಯಾರವಾನಿಗೂ ಜಾಗ ಕಾದಿರಿಸಿದರು.

ಹಡಗಿಗೆ ಇನ್ನೊಂದು ವಾರವಿದೆ ಎನ್ನುವಾಗ ಶೆಲ್‌ನ ಹೊಸ ಬಿಡುಗಡೆ ಬಂತು. ಅದರ ಬೆನ್ನಿಗೇ ಲೆವುಕಾದಿಂದ ವರದಿ: ಎಲ್ಲವೂ ನಿಂತಿದೆ ಸರ್, ಅವಸರವಿಲ್ಲ. ಮರ್ವಿನ್ ‘ಎಲ್ಲವೂ ನಿಂತಿದೆ’ ಎಂಬುದನ್ನು ನಂಬಿದ. ‘ಅವಸರವಿಲ್ಲ’ ಎಂಬುದನ್ನು ದ್ವೀಪದವರ ಮರ್ಯಾದೆ ಎಂದುಕೊಂಡ.

ಈ ಸಲದ ಮುರಿತ ಹಿಂದಿನವುಗಳಂತಿರಲಿಲ್ಲ. ಒಂದು ಸ್ಕ್ರಿಪ್ಟನ್ನು ಹಳೆಯ ನಿಯಮದಂತೆ ನಡೆಸಿದರೆ ನಾಲ್ಕು ಎನ್ನುತ್ತಿತ್ತು. ನಾಲ್ಕರ ನಿಯಮದಂತೆ ನಡೆಸಿದರೆ ಐದು ಎನ್ನುತ್ತಿತ್ತು. ಐದರಂತೆ ನಡೆಸಿದರೆ ಮತ್ತೆ ನಾಲ್ಕು. ಯಂತ್ರ ಗಾಣದ ಎತ್ತಿನಂತೆ ಸುತ್ತುತ್ತಿತ್ತು. ಅದರ ಹಿಂದೆ ಮರ್ವಿನ್ ಸುತ್ತುತ್ತಿದ್ದ. ನಾನು ಅವನಿಗೆ ಪ್ರಿಯವಾದ, ಚಿಪ್ಪುಮೀನು ತುಂಬಿ ಬೇಯಿಸಿದ ಸ್ಕ್ಯಾಲಪ್ ಪೈ ಕೊಂಡು ಹೋದರೆ ಅದು ಕೀಲಿಮಣೆಯ ಪಕ್ಕದಲ್ಲಿ ತಣ್ಣಗಾಯಿತು. ಆ ಕಿಟಕಿಯಿಂದ ನೋಡಿದರೆ ಕ್ಯಾರವಾನಿನ ಬೆನ್ನು ಕಾಣಬೇಕಿತ್ತು. ಅವನು ಪರದೆ ಎಳೆದುಬಿಟ್ಟಿದ್ದ.

ಗ್ಲೆನಿಸ್ ಬಾಗಿಲ ಬಳಿ ಬಂದು ನಿಂತರು.

“ಹಡಗು ಗುರುವಾರ, ಮರ್ವ್.”

“ಗೊತ್ತು ಗ್ಲೆನ್. ಇದೊಂದು ಸುತ್ತು ಬಿಡಿಸಿಬಿಟ್ರೆ ಆಯ್ತು.”

“ಕ್ಯಾರವಾನ್ ತಂದಾಗ್ಲೂ ಇದೇ ಮಾತು ಹೇಳಿದ್ದೆ.”

“ಅಲ್ಲೊಂದು ಶಾಲೆಗೆ ಶಾಲೆನೇ ನಿಂತ್ಹೋಗಿದೆ ಕಣೇ. ಅದನ್ನ ಬಿಟ್ಟು ಹೂ ನೋಡೋಕೆ ಹೋಗ್ಲಾ ನಾನು?”

ಗ್ಲೆನಿಸ್ ಒಂದು ಹೆಜ್ಜೆ ಒಳಗೆ ಬಂದರು. “ಹೂ ನೋಡೋಕೆ ಬೇಡ,” ಎಂದರು. “ನಾನು ಹೂ ನೋಡೋದನ್ನ ನೋಡೋಕೆ ಬಾ.”

ಅವನು ತಲೆ ಎತ್ತಲಿಲ್ಲ. ಎತ್ತಿದ್ದರೆ ಎದ್ದು ಹೋಗಬೇಕಾಗುತ್ತಿತ್ತು ಎಂದು ನನಗೆ ಅನ್ನಿಸಿತು. ಅವನನ್ನು ಯಾರೂ ಸರಪಳಿ ಹಾಕಿ ಕೂರಿಸಿರಲಿಲ್ಲ. ಬಾಗಿಲು ತೆರೆದೇ ಇತ್ತು. ಆದರೂ ಏಳಲಾರದೆ ಕುಳಿತವನನ್ನು ನೋಡುವುದು ಕಷ್ಟದ ಕೆಲಸ.

ಮರುದಿನ ಬೆಳಿಗ್ಗೆ ಗ್ಲೆನಿಸ್ ಬೇಲಿ ದಾಟಿ ನಮ್ಮ ಅಡುಗೆಮನೆಗೆ ಬಂದರು. ಕೈಯಲ್ಲಿ ಒಂದು ಚೀಟಿಯಿತ್ತು. ಲೆವುಕಾದ ವರದಿಯ ಕೊನೆಯಲ್ಲಿ ಇರುತ್ತಿದ್ದ ಶಾಲೆಯ ದೂರವಾಣಿ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದುಕೊಂಡಿದ್ದರು.

“ನೀವೇ ಒತ್ತಿ ಮೇಷ್ಟ್ರೇ. ನಂಗೆ ಮೂರೂ ಎಂಟೂ ಒಂದೇ ಥರ ಕಾಣ್ತವೆ.”

ಮರ್ವಿನ್‌ಗೆ ಗೊತ್ತೇ ಎಂದು ಕೇಳಿದೆ. ಗೊತ್ತಾದರೆ ಬೇಡ ಅನ್ನುತ್ತಾನೆ, ಅದಕ್ಕೇ ನಿಮ್ಮ ಮನೆಗೆ ಬಂದೆ ಎಂದರು. ನಾನು ಒತ್ತಿದೆ. ಇಬ್ಬರಿಗೂ ಕೇಳುವಂತೆ ಫೋನನ್ನು ಮೇಜಿನ ಮೇಲಿಟ್ಟೆ. ಅಲ್ಲಿ ಮಧ್ಯಾಹ್ನದ ಊಟದ ಗಂಟೆ ಹೊಡೆದಿರಬೇಕು. ಮಕ್ಕಳ ಗದ್ದಲ ಕೇಳುತ್ತಿತ್ತು.

“ಬುಲಾ,” ಎಂದು ಅಲ್ಲಿಯವರ ನಮಸ್ಕಾರ ಹೇಳಿತು ಒಂದು ದನಿ. “ಶಾಲೆ ಕಚೇರಿ. ವಿಲಿಯಾಮೆ ಮಾತಾಡ್ತಿರೋದು.”

“ನಾನು ಗ್ಲೆನಿಸ್ ಟ್ರ್ಯಾಂಟರ್. ಮರ್ವಿನ್ ಹೆಂಡ್ತಿ.”

ಅತ್ತ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ಅವನು ಎದ್ದು ನಿಂತಿದ್ದ. “ಅಮ್ಮಾ, ಸರ್ ಚೆನ್ನಾಗಿದಾರೆ ತಾನೆ?”

“ಅವನಿಗೇನಾಗಿದೆ, ಆಗಿರೋದೆಲ್ಲ ನಂಗೇ. ಒಂದು ವಿಷ್ಯ ಕೇಳೋಣ ಅಂತ ಮಾಡ್ದೆ ಕಣಪ್ಪ. ಬೇಜಾರು ಮಾಡ್ಕೋಬೇಡ. ಆ ಹಳೇ ಯಂತ್ರದಿಂದ ನಿಮ್ಮ ಶಾಲೆಗೆ ಬಿಡುಗಡೆ ಯಾವಾಗ?”

“ಯಾಕಮ್ಮಾ, ಸರ್‌ಗೆ ಅದು ಇನ್ನು ಬೇಡ್ವಂತಾ?”

“ಅವನಿಗ್ಯಾಕಪ್ಪ ಬೇಕು?”

“ಪರೀಕ್ಷೆ ಮಾಡೋಕೆ. ಹಳೇ ದಾರಿ ಪರೀಕ್ಷೆ ಮಾಡೋಕೆ ಬೇರೆ ಯಾರ ಹತ್ರಾನೂ ಯಂತ್ರ ಇಲ್ವಲ್ಲ ಅವರಿಗೆ.” ಅವನು ದನಿ ತಗ್ಗಿಸಿದ. “ಶಾಲೆ ಕೆಲ್ಸ ಎಲ್ಲ ಹೊಸ ಯಂತ್ರಕ್ಕೆ ಹೋಗಿ ಎಷ್ಟೋ ಕಾಲ ಆಯ್ತಮ್ಮ. ಇದು ಉಗ್ರಾಣದಲ್ಲಿದೆ, ಪ್ರಾರ್ಥನೆ ಪುಸ್ತಕದ ಕಪಾಟಿನಲ್ಲಿ. ಎತ್ತಿ ಎಸೀರಿ ಅಂತ ನಮ್ಮ ಹೆಡ್‌ಮಿಸ್ಟ್ರೆಸ್ ಪ್ರತಿ ವರ್ಷ ಬೈತಾರೆ. ಆಸ್ಟ್ರೇಲಿಯಾದಲ್ಲಿ ವಯಸ್ಸಾದ ಮೇಷ್ಟ್ರೊಬ್ರು ಇದನ್ನೇ ನಂಬ್ಕೊಂಡಿದಾರೆ, ಪಾಪ, ಅಂತ ಹೇಳಿ ಉಳಿಸ್ಕೊಂಡಿದೀನಿ.”

ಗ್ಲೆನಿಸ್ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ನಗು ತಡೆದರೋ ಮತ್ತೇನನ್ನು ತಡೆದರೋ ನನಗೆ ತಿಳಿಯಲಿಲ್ಲ.

ಪ್ರತಿ ತಿಂಗಳ ಮೊದಲ ಶನಿವಾರ ಅಣ್ಣತಮ್ಮಂದಿರೆಲ್ಲ ಹವಳದ ದಿಬ್ಬದಾಚೆ ಮೀನು ಹಿಡಿಯಲು ಹೋದರೆ, ತಾನೊಬ್ಬ ಉಗ್ರಾಣದಲ್ಲಿ ಕುಳಿತು ಆ ಯಂತ್ರಕ್ಕೆ ಸ್ಕ್ರಿಪ್ಟುಗಳನ್ನು ತಿನ್ನಿಸುತ್ತೇನೆಂದು ಅವನು ಹೇಳಿದ. ದೂರಿನ ದನಿಯಿರಲಿಲ್ಲ. ಹಿರಿಯರಿಗೊಂದು ಸೇವೆ ಎಂಬ ದನಿ.

“ನೀನಾದ್ರೂ ಒಂದ್ಸಲ ಅವನನ್ನ ಕೇಳ್ಬಾರ್ದಾಗಿತ್ತಾ?”

“ನಿಮ್ಮ ಕೆಲ್ಸ ಯಾವಾಗ ಮುಗಿಯತ್ತೆ ಅಂತ ದೊಡ್ಡೋರನ್ನ ಹೇಗಮ್ಮ ಕೇಳೋದು?”

ಫೋನ್ ಇಟ್ಟ ಮೇಲೆ ಗ್ಲೆನಿಸ್ ಚಹಾ ಕೇಳಿ ಕುಡಿದರು. ಎದ್ದು ಓಡುತ್ತಾರೆಂದುಕೊಂಡಿದ್ದೆ, ಓಡಲಿಲ್ಲ. ಯಾರಿಗಾಗಿ ಇಷ್ಟು ಕಾಲ ಕೂತಿದ್ದೆಯೋ ಅವರು ಅಲ್ಲಿರಲೇ ಇಲ್ಲ ಎಂದು ಒಬ್ಬನಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದರು. ನಾನು ಹೇಳಲೇ ಎಂದೆ. ಬೇಡ, ಜೊತೆಗೆ ಬನ್ನಿ ಸಾಕು ಎಂದರು.

ಆಕೆ ಹೇಳಿದ್ದನ್ನೆಲ್ಲ ಮರ್ವಿನ್ ಕಂಪ್ಯೂಟರಿನ ಪರದೆಯ ಕಡೆ ಮುಖ ಮಾಡಿಕೊಂಡೇ ಕೇಳಿದ. ನಾಲ್ಕು, ಐದು, ನಾಲ್ಕು, ಐದು ಎಂದು ಸಾಲುಗಳು ಅಲ್ಲಿ ಓಡುತ್ತಲೇ ಇದ್ದವು.

“ಅವಸರವಿಲ್ಲ ಅಂತ ಬರೆದಿದ್ದ,” ಎಂದ ಕೊನೆಗೆ. ಆಮೇಲೆ, “ಹೊಸದಕ್ಕೆ ಹೋಗಿದ್ದು ಯಾವ ವರ್ಷವಂತೆ?”

“ನಾನು ಕೇಳ್ಲಿಲ್ಲ,” ಎಂದರು ಗ್ಲೆನಿಸ್. “ನೀನೂ ಕೇಳ್ಬೇಡ.”

ಅವನು ಯಂತ್ರದ ಸುತ್ತಾಟವನ್ನು ನಿಲ್ಲಿಸಿದ. ಇಷ್ಟಕ್ಕೇ ಎದ್ದುಬಿಟ್ಟನೆಂದು ನೀವು ತಿಳಿದರೆ ಅವನನ್ನು ಅರಿತಿಲ್ಲ. ಬಹಳ ದಿನ ಸೆರೆಯಲ್ಲಿದ್ದವನಂತೆ ತೆರೆದ ಬಾಗಿಲಲ್ಲೂ ಒಂದು ಚಿಲಕ ಹುಡುಕಿದ. ಪದ್ಧತಿಯಂತೆ ಈಗ ಪ್ರಕಟಣೆ ಹಾಕಿ ವರ್ಷ ಕಾಯಬೇಕು, ಅಲ್ಲಿಯವರೆಗೆ ಯಾರಾದರೂ ನೋಡಿಕೊಳ್ಳಲೇಬೇಕು ಎಂದ. ಗ್ಲೆನಿಸ್ ಗೋಡೆಗೆ ಒರಗಿದರು. ಅವನು ಗುಂಪಿಗೆ ಬರೆದ: ಲೆವುಕಾ ಇಲ್ಲ, ಊಹೆಯ ದಾರಿಯನ್ನು ಮುಚ್ಚುವ ಪ್ರಕಟಣೆಯನ್ನು ಇಂದಿನಿಂದ ಹಾಕಬಹುದು. ಗುಂಪಿನ ಹಿರಿಯಳೊಬ್ಬಳು, ಜರ್ಮನಿಯವಳು, ಅಲ್ಲಿ ಆಗ ರಾತ್ರಿಯಾಗಿದ್ದರೂ ಎಚ್ಚರವಾಗಿಯೇ ಇದ್ದಳೆಂದು ಕಾಣುತ್ತದೆ. ಗ್ಲೆನಿಸ್ ಇನ್ನೂ ಗೋಡೆಗೆ ಒರಗಿರುವಾಗಲೇ ಅವಳ ಉತ್ತರ ಬಂತು. ನಾನು ಓದಿ ಹೇಳಿದೆ. ಪ್ರಕಟಣೆ ವರ್ಷಗಳಿಂದ ಅಲ್ಲೇ ಇದೆ ಮರ್ವಿನ್, ಆಕ್ಷೇಪಣೆ ಇದ್ದದ್ದು ನಿಮ್ಮದೊಂದೇ, ಹಿಂದಕ್ಕೆ ತೆಗೆದುಕೊಳ್ಳುತ್ತೀರಾ?

ಅವನು ಕನ್ನಡಕ ತೆಗೆದು ಅಂಗಿಯಂಚಿನಿಂದ ಬಹಳ ಹೊತ್ತು ಒರೆಸಿದ. ಆಮೇಲೆ ಹೌದು ಎಂದು ಬರೆದ.

ಊಹೆಯ ದಾರಿಯನ್ನು ಅವನೇ ಅಳಿಸಿದ. ಬೇರೆಯವರ ಕೈಗೆ ಕೊಡಲಿಲ್ಲ. ಎಷ್ಟೋ ಜನರ ವಕ್ರತೆಗಳನ್ನು ಅರ್ಥಮಾಡಿಕೊಂಡು ಬರೆದ ಆ ಪುಟಗಳನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಓದಿಕೊಂಡ. ಅಳಿಸಿದ ಮೇಲೆ ಉಳಿದದ್ದು ಮೊದಲ ಸಾಲನ್ನು ಓದಿ ಸಂಖ್ಯೆ ಹೇಳುವ ಒಂದು ಪುಟ್ಟ ತುಣುಕು. ಅದು ಶಾಲೆಯ ಮಕ್ಕಳಿಗೂ ಅರ್ಥವಾಗುವಂತಿತ್ತು. ಆಮೇಲೆ, ಎಲ್ಲರೂ ನೋಡುವ ಜಾಗದಲ್ಲಿ ಮೊದಲ ಬಾರಿಗೆ ತನ್ನ ಸಾಲನ್ನು ಬರೆದ. ನಾನಿಲ್ಲ, ಹೂ ನೋಡಲು ಹೋಗಿದ್ದೇನೆ. ಕೆಲಸ ನೋಡಿಕೊಳ್ಳುವವರು ಎಂಬ ಕಡೆ, ಅಗತ್ಯವಿಲ್ಲ ಎಂದು ತುಂಬಿದ. ಆ ಶಬ್ದವನ್ನು ಬರೆಯುವಾಗ ಅವನ ಬೆರಳು ಒಂದು ಗಳಿಗೆ ತಡೆದದ್ದನ್ನು ಗ್ಲೆನಿಸ್ ನೋಡಲಿಲ್ಲ, ನಾನು ನೋಡಿದೆ.

ಕ್ಯಾರವಾನ್ ಅಷ್ಟು ಸುಲಭವಾಗಿ ಏಳಲಿಲ್ಲ. ಚಕ್ರಗಳು ಹುಲ್ಲಿನೊಳಗೆ ಹೂತಿದ್ದವು, ಬ್ರೇಕು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಗ್ಯಾರೇಜಿನ ರೋಲಂಡ್ ಬಂದು ಸುತ್ತಿಗೆಯಿಂದ ತಟ್ಟುತ್ತ, ಇದು ಮರವಾಗಿ ಬೇರು ಬಿಟ್ಟಿದೆ ಮರ್ವ್, ಎಳೆಯೋದಲ್ಲ ಕಡೀಬೇಕು ಎಂದು ಹಂಗಿಸಿದ. ಬೀದಿಯವರೆಲ್ಲ ಸೇರಿ ತಳ್ಳಿದೆವು. ಅದು ಕದಲಿದಾಗ ಅದರಡಿಯಲ್ಲಿ ಬಿಸಿಲು ಕಾಣದೆ ಬಿಳಚಿಕೊಂಡ ಉದ್ದನೆಯ ಚೌಕವೊಂದು ಅಂಗಳದಲ್ಲಿ ಉಳಿಯಿತು. ಗುರುವಾರ ಅವರು ಹಡಗು ಹತ್ತಿದರು.

ಸೆಪ್ಟೆಂಬರ್‌ನಲ್ಲಿ ಒಂದು ಮಧ್ಯಾಹ್ನ ಮಲ್ಲೆವಾದ ಆಚೆಯಿಂದ ಫೋನ್ ಬಂತು. ಗಾಳಿಯ ಸದ್ದಿನ ನಡುವೆ ಗ್ಲೆನಿಸರ ದನಿ.

“ಸಿಕ್ತು ಮೇಷ್ಟ್ರೇ, ಅಮ್ಮ ಹೇಳ್ತಿದ್ದ ಹೂವು. ರಸ್ತೆ ಪಕ್ಕದಲ್ಲೇ.”

ಹೇಗೆ ಕಾಣುತ್ತದೆ ಎಂದೆ.

“ನೇರ ನೋಡಿದ್ರೆ ಕಪ್ಪು ಮಸಿ. ಅದಕ್ಕೆ ಮರ್ವಿನ್ ಬೂಟು ನೋಡ್ತಾ ನಿಂತಿದೀನಿ. ಬೂಟು ನೋಡಿದ್ರೆ ಪಕ್ಕದಲ್ಲಿ ಹೂ ಕಾಣತ್ತೆ. ಕೆಂಪು, ಹಳದಿ, ದುಂಡಗೆ. ಹೂವೆಲ್ಲ ಸುತ್ತ ಅಂಚಿಗೇ ಬಿಡೋದು, ನಡುವೆ ಬರೀ ಎಲೆಯಂತೆ.”

ಆಚೆ ಮರ್ವಿನ್ ಏನೋ ಹೇಳಿದ. ಫೋನಿಗಲ್ಲ, ಆಕೆಗೆ. ಆದರೂ ಕೇಳಿಸಿತು.

“ಹೋದ ವರ್ಷಾನೇ ಬಂದಿದ್ರೆ ನಡುವಿನ ಎಲೇನೂ ಕಾಣ್ತಿತ್ತು, ಗ್ಲೆನ್.”

“ಎಲೆ ನಮ್ಮನೆ ಅಂಗಳದಲ್ಲೂ ಇದೆ,” ಎಂದರು ಗ್ಲೆನಿಸ್. “ನೀನು ಬೂಟು ಅಲ್ಲಾಡಿಸ್ಬೇಡ, ನಿಂತ್ಕೋ.”